ಮನೋಚಿಕಿತ್ಸೆಯ ಮೊದಲ ಮೆಟ್ಟಿಲು

ಕೈಮುರಿದ ವಿದ್ಯಾರ್ಥಿಯೊಬ್ಬನು ಪಟ್ಟಿ ಕಟ್ಟಿಕೊಂಡು ತರಗತಿಗೆ ಬಂದರೆ ಸಹಪಾಠಿಗಳು ಅವನ ಪುಸ್ತಕಗಳನ್ನು ಹೊರುತ್ತಾರೆ; ಅಧ್ಯಾಪಕರು ಅವನಿಗೆ ಬರೆಯುವ ಕೆಲಸದಿಂದ ವಿನಾಯಿತಿ ಕೊಡುತ್ತಾರೆ. ಆದರೆ ಮೂರು ವಾರಗಳಿಂದ ನಿದ್ರೆಯಿಲ್ಲದೆ, ಓದಿದ್ದು ತಲೆಗೆ ಹತ್ತದೆ, ಕಾರಣವಿಲ್ಲದ ಭಯದಿಂದ ಕುಗ್ಗಿರುವ ವಿದ್ಯಾರ್ಥಿಗೆ ನಾವು ಕೊಡುವುದೇನು? ಬರಿಯ ಉಪದೇಶ.

ಈ ತಪ್ಪನ್ನು ನಾವೇ ಮಾಡಿದ್ದೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಪ್ರಯೋಗಶಾಲೆಯಲ್ಲಿ ಒಬ್ಬ ವಿದ್ಯಾರ್ಥಿಯು ಲೋಲಕದ ಆಂದೋಲನಗಳನ್ನು ಎಣಿಸುತ್ತ ಮತ್ತೆ ಮತ್ತೆ ಲೆಕ್ಕ ತಪ್ಪುತ್ತಿದ್ದನು. ವಿಚಾರಿಸಲಾಗಿ, “ಎದೆ ಹೊಡೆದುಕೊಳ್ಳುತ್ತೆ ಸಾರ್, ರಾತ್ರಿ ನಿದ್ದೆಯೇ ಬರೋದಿಲ್ಲ” ಎಂದನು. “ಧೈರ್ಯ ತಂದುಕೊಳ್ಳಪ್ಪ, ಎಲ್ಲ ಸರಿಹೋಗುತ್ತೆ” ಎಂದು ನಾವು ಬೆನ್ನು ತಟ್ಟಿ ಕಳುಹಿಸಿದೆವು. ಆ ವರ್ಷ ಅವನು ಪರೀಕ್ಷೆಗೆ ಕುಳಿತುಕೊಳ್ಳಲಿಲ್ಲ. ಅನಂತರ ತಾನಾಗಿಯೇ ಚಿಕಿತ್ಸೆ ಪಡೆದು, ಚೇತರಿಸಿಕೊಂಡು ಕಾಲೇಜಿಗೆ ಮರಳಿದ ದಿನ ಅವನು ನಮಗೆ ಹೇಳಿದ ಮಾತು ಇದು: “ಅಲ್ಲಿ ಏನು ಮಾಡ್ತಾರೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ನನಗೆ ಒಂದು ವರ್ಷ ಉಳೀತಿತ್ತು ಸಾರ್.” ಆ ಮಾತೇ ಈ ಲೇಖನಕ್ಕೆ ಕಾರಣ.

ನಮ್ಮ ನಾಡಿನಲ್ಲಿ ಈ ಸೌಕರ್ಯ ಹೊಸದೇನೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮೂಲ 1847ರಷ್ಟು ಹಿಂದಕ್ಕೆ ಹೋಗುತ್ತದೆ. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. 1974ರಲ್ಲಿ ಅದೂ ಮಾನಸಿಕ ಆಸ್ಪತ್ರೆಯೂ ಒಂದುಗೂಡಿ ಇಂದಿನ ಸಂಸ್ಥೆಯಾಯಿತು. ಆದರೂ ಆ ಹೆಸರನ್ನು ನಾವು ಗೆಳೆಯರನ್ನು ಹಂಗಿಸುವುದಕ್ಕೆ ಬಳಸುತ್ತೇವೆ! ಅದೇ ಸಂಸ್ಥೆಯು 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಿವಿಧ ಮಾನಸಿಕ ಅಸ್ವಾಸ್ಥ್ಯಗಳಿಂದ ನರಳುವವರಲ್ಲಿ ಶೇಕಡ 70ರಿಂದ 92ರಷ್ಟು ಮಂದಿಗೆ ತಕ್ಕ ಚಿಕಿತ್ಸೆಯೇ ದೊರೆತಿರಲಿಲ್ಲ. ವೈದ್ಯರ ಕೊರತೆಯ ಜೊತೆಗೆ ನಮ್ಮ ಹಂಗಿಸುವ ನಾಲಗೆಗೂ ಇದರಲ್ಲಿ ಪಾಲುಂಟೆಂದು ನಾವು ನಂಬುತ್ತೇವೆ.

ಹಾಗಾದರೆ ಅಲ್ಲಿ ನಡೆಯುವುದೇನು? ಮೊದಲು ಇಬ್ಬರು ತಜ್ಞರ ವ್ಯತ್ಯಾಸವನ್ನು ತಿಳಿಯಬೇಕು. ಮನೋವೈದ್ಯರು ವೈದ್ಯಶಾಸ್ತ್ರವನ್ನು ಓದಿದವರು. ಅವರು ಔಷಧಿಯನ್ನು ಬರೆದುಕೊಡಬಲ್ಲರು. ಚಿಕಿತ್ಸಾ ಮನೋವಿಜ್ಞಾನಿಗಳು ಮುಖ್ಯವಾಗಿ ಮಾತುಕತೆಯ ಮೂಲಕ ಚಿಕಿತ್ಸೆ ನೀಡುವವರು. ಇವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ನೋಂದಣಿಯ ವಿಷಯವನ್ನು ಕೇಳಿ ತಿಳಿದುಕೊಳ್ಳುವುದು ಅವಿನಯವಲ್ಲ. ಕೆಲವು ಕಾಯಿಲೆಗಳಿಗೆ ಔಷಧಿಯೇ ಪ್ರಧಾನ, ಕೆಲವಕ್ಕೆ ಮಾತೇ ಸಾಕು, ಹಲವಕ್ಕೆ ಎರಡೂ ಬೇಕು.

ಮೊದಲನೆಯ ಭೇಟಿಯ ಬಹುಭಾಗ ಪ್ರಶ್ನೆಗಳಲ್ಲಿಯೇ ಕಳೆಯುತ್ತದೆ. ನಿದ್ರೆ ಹೇಗೆ, ಊಟ ಹೇಗೆ, ತೊಂದರೆ ಎಂದಿನಿಂದ, ಮನೆಯಲ್ಲಿ ಯಾರಿದ್ದಾರೆ, ಹಿಂದೆ ಕಾಯಿಲೆ ಬಂದದ್ದುಂಟೆ, ಸಾಯಬೇಕೆಂಬ ಯೋಚನೆ ಬಂದಿದೆಯೆ—ಎಂದೆಲ್ಲ ಕೇಳುತ್ತಾರೆ. ಕಡೆಯ ಪ್ರಶ್ನೆಯನ್ನು ಕೇಳಿ ಬೆಚ್ಚಬೇಕಾಗಿಲ್ಲ. ಜ್ವರ ಬಂದವನಿಗೆ ಉಷ್ಣಮಾಪಕ ಇಡುವಂತೆ ಅದನ್ನು ಎಲ್ಲರಿಗೂ ಕೇಳುತ್ತಾರೆ. ಅಂಥ ಯೋಚನೆ ಬಂದಿದ್ದರೆ ಮುಚ್ಚಿಡದೆ ಹೇಳಬೇಕು. ಆ ದಿನವೇ ಗುಣವಾಗುವುದೆಂದು ಯಾರೂ ನಿರೀಕ್ಷಿಸಬಾರದು. ಕೆಲವರಿಗೆ ಎದೆಯ ಭಾರ ಇಳಿದಂತಾಗುತ್ತದೆ. ಕೆಲವರಿಗೆ ಹಳೆಯ ನೋವನ್ನು ಕೆದಕಿದ್ದರಿಂದ ಅಂದು ಇನ್ನಷ್ಟು ದಣಿವಾಗುವುದೂ ಉಂಟು.

ಚಿಕಿತ್ಸಕನು ಜ್ಯೋತಿಷಿಯಲ್ಲ, ಗುರುವೂ ಅಲ್ಲ. “ಈ ಕೋರ್ಸು ಸೇರು, ಈ ಗೆಳೆತನ ಬಿಡು” ಎಂದು ಅವನು ಅಪ್ಪಣೆ ಕೊಡುವುದಿಲ್ಲ. ಅವನ ವಿಧಾನಗಳಲ್ಲಿ ಒಂದನ್ನು ನೋಡೋಣ. ಅಮೆರಿಕದ ಆರನ್ ಬೆಕ್ ಎಂಬ ಮನೋವೈದ್ಯರು 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಯು ಭೌತಶಾಸ್ತ್ರದವರಾದ ನಮಗೆ ಬಹಳ ಹತ್ತಿರವಾದುದು. “ಮೌಖಿಕ ಪರೀಕ್ಷೆಯಲ್ಲಿ ನನ್ನ ಬಾಯಿಂದ ಒಂದು ಮಾತೂ ಹೊರಡದು” ಎಂದು ವಿದ್ಯಾರ್ಥಿಯು ಭಾವಿಸಿದ್ದಾನೆನ್ನಿ. ಚಿಕಿತ್ಸಕನು ಅದನ್ನು ಅಲ್ಲಗಳೆಯುವುದಿಲ್ಲ. ಅದನ್ನು ಒಂದು ಊಹೆಯೆಂದು ಕಾಗದದ ಮೇಲೆ ಬರೆಯಿಸುತ್ತಾನೆ. ಬಳಿಕ ಒಬ್ಬ ಗೆಳೆಯನ ಮುಂದೆ ಐದು ನಿಮಿಷ ಉತ್ತರ ಹೇಳಿ, ನಡೆದದ್ದನ್ನು ನಡೆದಂತೆ ಬರೆದು ತರಲು ಹೇಳುತ್ತಾನೆ. ಮಾತು ಎರಡು ಬಾರಿ ತಡವರಿಸಿತು, ಆದರೆ ನಿಲ್ಲಲಿಲ್ಲ. ಊಹೆಯೂ ವೀಕ್ಷಣೆಯೂ ಒಂದಕ್ಕೊಂದು ಹೊಂದಲಿಲ್ಲ! ಹೀಗೆ ಚಿಕ್ಕ ಪ್ರಯೋಗದಿಂದ ದೊಡ್ಡದಕ್ಕೆ ಏರುತ್ತ ಹೋದಂತೆ ಭಯದ ಹಿಡಿತ ಸಡಿಲವಾಗುತ್ತದೆ. ಆದಕಾರಣ ಮನೆಯಲ್ಲಿ ಮಾಡಬೇಕಾದ ಈ ಅಭ್ಯಾಸಗಳೇ ಚಿಕಿತ್ಸೆಯ ಅರ್ಧಭಾಗ. ಇದು ವಾರಕ್ಕೊಮ್ಮೆ ಮುಕ್ಕಾಲು ಗಂಟೆಯಂತೆ, ಸಾಮಾನ್ಯವಾಗಿ ಕೆಲವು ತಿಂಗಳ ಕೆಲಸ.

ಇದರಿಂದ ನಿಜವಾಗಿಯೂ ಗುಣವುಂಟೆ? ವಿಜ್ಞಾನದ ವಿದ್ಯಾರ್ಥಿಗಳು ಕೇಳಲೇಬೇಕಾದ ಪ್ರಶ್ನೆಯಿದು. 1952ರಲ್ಲಿ ಲಂಡನ್ನಿನ ಹ್ಯಾನ್ಸ್ ಐಸೆಂಕ್ ಎಂಬ ಮನೋವಿಜ್ಞಾನಿಯು, ಚಿಕಿತ್ಸೆಯಿಲ್ಲದೆಯೂ ಮೂರರಲ್ಲಿ ಎರಡು ಪಾಲು ರೋಗಿಗಳು ಚೇತರಿಸಿಕೊಳ್ಳುತ್ತಾರೆಂದು ಸವಾಲು ಹಾಕಿದರು. ಆ ಸವಾಲಿನಿಂದ ಒಳ್ಳೆಯದೇ ಆಯಿತು; ಚಿಕಿತ್ಸೆ ಪಡೆದವರನ್ನು ಪಡೆಯದವರೊಡನೆ ಹೋಲಿಸುವ ಪ್ರಯೋಗಗಳು ಹೆಚ್ಚಿದವು. 1977ರಲ್ಲಿ ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ ಎಂಬವರು ಅಂಥ ಸುಮಾರು 375 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿದಾಗ, ಚಿಕಿತ್ಸೆ ಪಡೆದ ಸಾಮಾನ್ಯ ವ್ಯಕ್ತಿಯು ಪಡೆಯದವರಲ್ಲಿ ಶೇಕಡ 75 ಮಂದಿಗಿಂತ ಉತ್ತಮ ಸ್ಥಿತಿಯಲ್ಲಿರುವುದು ಕಂಡುಬಂತು. ಪರಿಣಾಮವು ಅಷ್ಟು ದೊಡ್ಡದಲ್ಲವೆಂದು ಅನಂತರದವರು ವಾದಿಸಿದ್ದುಂಟು. ಎಲ್ಲರಿಗೂ ಗುಣವಾಗುತ್ತದೆಂದು ಯಾರೂ ಹೇಳುವುದಿಲ್ಲ. ಆದರೂ ಇದು ಮಂತ್ರವಲ್ಲ, ಪರೀಕ್ಷೆಗೆ ಒಳಗಾದ ವಿದ್ಯೆ ಎಂಬುದರಲ್ಲಿ ಸಂಶಯವಿಲ್ಲ. ರೋಗಿಗೂ ಚಿಕಿತ್ಸಕನಿಗೂ ನಡುವಣ ವಿಶ್ವಾಸವು ಫಲಿತಾಂಶಕ್ಕೆ ಬಹಳ ಸಹಾಯಕವೆಂಬುದೂ ಕಂಡುಬಂದಿದೆ. ಆದುದರಿಂದ ಕೆಲವು ಭೇಟಿಗಳಾದರೂ ಮನಸ್ಸು ಹೊಂದದಿದ್ದರೆ ಅದನ್ನು ಬಾಯಿಬಿಟ್ಟು ಹೇಳಬಹುದು; ಬೇರೊಬ್ಬರ ಬಳಿಗೂ ಹೋಗಬಹುದು.

“ಹೇಳಿದ್ದೆಲ್ಲ ಊರಿಗೆ ಗೊತ್ತಾದರೆ?” ಎಂಬ ಅಂಜಿಕೆ ಹಲವರಿಗುಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಗೌಪ್ಯವನ್ನು ರೋಗಿಯ ಹಕ್ಕೆಂದು ಸಾರಿದೆ. ಪ್ರಾಣಾಪಾಯವಿದ್ದಾಗ, ನ್ಯಾಯಾಲಯವು ಆಜ್ಞಾಪಿಸಿದಾಗ—ಹೀಗೆ ಕೆಲವು ಅಪವಾದಗಳಿವೆ. 18 ವರ್ಷ ತುಂಬದವರ ವಿಷಯದಲ್ಲಿ ತಂದೆತಾಯಿಗಳಿಗೂ ಪಾತ್ರವುಂಟು. ಯಾವುದನ್ನು ಯಾರಿಗೆ ತಿಳಿಸುವಿರಿ ಎಂದು ಮೊದಲ ದಿನವೇ ಕೇಳಿಕೊಳ್ಳುವುದು ಲೇಸು.

ತರುಣ ವಾಚಕರೆ, ಎರಡು ವಾರ ಕಳೆದರೂ ನಿದ್ರೆ, ಊಟ, ಓದು ಹಳಿಗೆ ಬಾರದಿದ್ದರೆ ಅದನ್ನು ಮನೆಯವರಿಗಾಗಲಿ, ನೀವು ನಂಬುವ ಅಧ್ಯಾಪಕರಿಗಾಗಲಿ ತಿಳಿಸಿರಿ. ಸಾಯಬೇಕೆಂಬ ಯೋಚನೆಯಿದ್ದರಂತೂ ಒಂದು ದಿನವೂ ಕಾಯಬೇಡಿರಿ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇನ್ನು ಅಧ್ಯಾಪಕ ಮಿತ್ರರಲ್ಲಿ ನಮ್ಮದೊಂದು ವಿನಂತಿ. ಎಣಿಕೆ ತಪ್ಪುವ ಹುಡುಗನ ಬೆನ್ನು ತಟ್ಟಿರಿ. ಆದರೆ ಅಷ್ಟಕ್ಕೇ ನಿಲ್ಲಿಸದೆ, “ಬಾರಪ್ಪ, ನಾನೂ ಜೊತೆಗೆ ಬರುತ್ತೇನೆ” ಎನ್ನಿರಿ. ನಾವು ಅಂದು ಆಡದೆ ಹೋದ ಮಾತು ಅದು.