ಕುರಿಯ ಕಣ್ಣು ನೋಡಲು ಕಲಿಸಿ

ಕುರಿ ಸಾಕಣೆ ತರಬೇತಿಯಲ್ಲಿ ಕುರಿಯೇ ಇರುವುದಿಲ್ಲ. ಸಭಾಂಗಣ ಇರುತ್ತದೆ, ಪರದೆ ಇರುತ್ತದೆ, ಮಧ್ಯಾಹ್ನದ ಊಟ, ಸಂಜೆಗೆ ಪ್ರಮಾಣಪತ್ರ ಎಲ್ಲವೂ ಇರುತ್ತವೆ. ಚಳ್ಳಕೆರೆ ಸೀಮೆಯಲ್ಲಿ ಕುರಿ ಸಾಕಿಕೊಂಡೇ ಬದುಕುತ್ತಿರುವ ನಾನು ಇಂಥ ತರಬೇತಿಗಳಲ್ಲಿ ಕೂತು ಎದ್ದು ಬಂದಿದ್ದೇನೆ. ಅಲ್ಲಿ ಹೇಳುವುದು ತಪ್ಪಲ್ಲ. ಆದರೆ ಮರುದಿನ ರೊಪ್ಪದಲ್ಲಿ ನಿಂತರೆ ಕೈಗೆ ಒಂದು ಕೆಲಸವೂ ಬಂದಿರುವುದಿಲ್ಲ.

ನನಗೆ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಪಶುವೈದ್ಯೆಯೊಬ್ಬರು ನಮ್ಮ ಹಟ್ಟಿಗೇ ಬಂದು ಕಲಿಸಿದ ವಿದ್ಯೆ: ಕುರಿಯ ಕಣ್ಣು ನೋಡುವುದು. ಕುರಿಯನ್ನು ಕಾಲುಗಳ ನಡುವೆ ಹಿಡಿದುಕೊಂಡು, ಒಂದು ಹೆಬ್ಬೆರಳಿನಿಂದ ಮೇಲಿನ ರೆಪ್ಪೆ ಮುಚ್ಚಿ ಗುಡ್ಡೆಯನ್ನು ಹಗುರವಾಗಿ ಒತ್ತಬೇಕು. ಇನ್ನೊಂದರಿಂದ ಕೆಳರೆಪ್ಪೆ ಜಗ್ಗಬೇಕು. ಒಳಪೊರೆ ತಾನಾಗಿ ಉಬ್ಬಿ ಕಾಣುತ್ತದೆ. ಕೆಂಪಗಿದ್ದರೆ ಚಿಂತೆಯಿಲ್ಲ, ತಿಳಿಗೆಂಪಾಗಿದ್ದರೆ ಎಚ್ಚರ, ಸುಣ್ಣದಂತೆ ಬೆಳ್ಳಗಿದ್ದರೆ ಕುರಿ ಅಪಾಯದಲ್ಲಿದೆ. ಬಿಸಿಲ ಬೆಳಕಿನಲ್ಲೇ ನೋಡಬೇಕು, ಎರಡೂ ಕಣ್ಣು ನೋಡಬೇಕು, ಬೇಗ ಬಿಡಬೇಕು. ಬಹಳ ಹೊತ್ತು ಎಳೆದು ಹಿಡಿದರೆ ಬಣ್ಣವೇ ಬದಲಾಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಫಫಾ ಮಲಾನ್ ಎಂಬ ಪಶುವೈದ್ಯರು ಇದಕ್ಕಾಗಿಯೇ ಐದು ಬಣ್ಣಗಳ ಪಟ್ಟಿ ಮಾಡಿದರು. ಅವರ ಹೆಸರಿನಿಂದಲೇ ಅದಕ್ಕೆ ಫಮಾಚಾ ಎಂಬ ಹೆಸರು ಬಂತು. ಆ ಪಟ್ಟಿಯನ್ನು ಗೋಡೆಯ ಮೇಲೆ ತೋರಿಸಿದರೆ ಯಾರಿಗೂ ಏನೂ ಹತ್ತುವುದಿಲ್ಲ. ನಮ್ಮ ಅತ್ತೆ ಅಕ್ಷರ ಕಲಿತವರಲ್ಲ, ಕುರಿ ಹಿಡಿದು ಹಿಡಿದು ಅವರೇ ನಮ್ಮೆಲ್ಲರಿಗಿಂತ ಚೆನ್ನಾಗಿ ನೋಡುತ್ತಾರೆ.

ಕಣ್ಣು ನೋಡುವುದರಿಂದ ಏನು ಲಾಭ? ಹೀಮಾಂಕಸ್ ಎಂಬ ಜಂತುಹುಳು ಕುರಿಯ ಹೊಟ್ಟೆಯಲ್ಲಿ ಕೂತು ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿ.ಲೀ.; 5,000 ಹುಳುಗಳಿದ್ದರೆ ಕಾಲು ಲೀಟರ್. ರಕ್ತ ಇಳಿದಂತೆ ಕಣ್ಣಿನ ಒಳಪೊರೆ ಬಿಳಿಚುತ್ತದೆ. ಆದರೆ ಹಿಂಡಿನ ಬಹುಪಾಲು ಹುಳುಗಳು ಕೆಲವೇ ಕುರಿಗಳ ಹೊಟ್ಟೆಯಲ್ಲಿರುತ್ತವೆ. ನಾವು ಮಾಡುವುದೇನು? ಅಂಗಡಿಯಿಂದ ಬಾಟಲಿ ತಂದು, ತೂಕ ನೋಡದೆ, ಇಡೀ ಮಂದೆಗೆ ಕುಡಿಸುತ್ತೇವೆ. ಔಷಧಿ ಕಡಿಮೆ ಬಿದ್ದಲ್ಲೆಲ್ಲ ಗಟ್ಟಿ ಹುಳುಗಳು ಉಳಿದು ಮೊಟ್ಟೆ ಇಡುತ್ತವೆ. ಕೆಲವು ವರ್ಷಗಳಲ್ಲಿ ಆ ಔಷಧಿಗೆ ಹುಳು ಜಗ್ಗುವುದೇ ಇಲ್ಲ. ಕಣ್ಣು ನೋಡಿ ಬೇಕಾದವಕ್ಕೆ ಮಾತ್ರ ಕೊಟ್ಟರೆ ದುಡ್ಡೂ ಉಳಿಯುತ್ತದೆ, ಔಷಧಿಯ ಶಕ್ತಿಯೂ ಉಳಿಯುತ್ತದೆ. ಕಣ್ಣು ಬಿಳಿಚಲು ಉಣ್ಣಿ, ಯಕೃತ್ತಿನ ಹುಳುಗಳಂಥ ಬೇರೆ ಕಾರಣಗಳೂ ಇವೆ; ಸಂಶಯ ಬಂದಲ್ಲಿ ಡಾಕ್ಟರನ್ನು ಕೇಳಲೇಬೇಕು.

ಕುಡಿಸುವುದೂ ಕೈಯಿಂದಲೇ ಕಲಿಯಬೇಕಾದ ಕೆಲಸ. ತಲೆಯನ್ನು ತೀರಾ ಮೇಲೆತ್ತಿ ಸುರಿದರೆ ಔಷಧಿ ಶ್ವಾಸಕೋಶಕ್ಕೆ ಹೋಗಿ ಕುರಿ ಸಾಯಬಹುದು. ಬಾಯಿಯ ಮೂಲೆಯಿಂದ ಸಿರಿಂಜ್ ತೂರಿಸಿ ನಾಲಿಗೆಯ ಹಿಂದಕ್ಕೆ ನಿಧಾನ ಬಿಡಬೇಕು. ಗಬ್ಬದ ಮೊದಲ ದಿನಗಳಲ್ಲಿ ಅಲ್ಬೆಂಡಜೋಲ್ ಎಂಬ ಜಂತುಹುಳುವಿನ ಔಷಧಿ ಕೊಡಬಾರದು. ಕುರಿಯ ಅಳತೆಯಲ್ಲೇ ಮೇಕೆಗೂ ಕೊಟ್ಟರೆ ಸಾಲದಾಗುತ್ತದೆ, ಮೇಕೆಯ ಮೈಯಲ್ಲಿ ಈ ಔಷಧಿ ಬೇಗ ಕರಗುತ್ತದೆ.

2019ರ ಜಾನುವಾರು ಗಣತಿಯಂತೆ ರಾಜ್ಯದಲ್ಲಿ 1.11 ಕೋಟಿ ಕುರಿಗಳಿವೆ. ಇವುಗಳನ್ನು ಕಾಯುವವರು ತರಬೇತಿಗೆ ಬರುವುದಿಲ್ಲ ಎಂದು ಅಧಿಕಾರಿಗಳು ದೂರುತ್ತಾರೆ. ಹೇಗೆ ಬರಬೇಕು? ಕುರಿಗೆ ರಜೆಯಿಲ್ಲ. ಆ ದಿನ ಮಂದೆ ಹೊಡೆದುಕೊಂಡು ಹೋಗುವ ಆಳಿಗೆ ಕೂಲಿ ಕೊಡುವವರು ಯಾರು? ಕೊಯ್ಲಾದ ಮೇಲೆ ಎಷ್ಟೋ ಮಂದೆಗಳು ಭದ್ರಾ, ತುಂಗಭದ್ರಾ ಅಚ್ಚುಕಟ್ಟಿನ ಗದ್ದೆಗಳಿಗೆ ಹೊರಟುಹೋಗುತ್ತವೆ, ಹಟ್ಟಿಯಲ್ಲಿ ಉಳಿದು ಮರಿ ನೋಡಿಕೊಳ್ಳುವವರು ಹೆಂಗಸರು. ಅವರನ್ನು ತರಬೇತಿಗೆ ಯಾರೂ ಕರೆಯುವುದಿಲ್ಲ. ಇದು ನನಗೆ ಬಹಳ ನೋವು ಕೊಡುವ ಸಂಗತಿ. ಎಳೆ ಮರಿಗಳು ಸಾಯುವುದೋ ಬದುಕುವುದೋ ತೀರ್ಮಾನವಾಗುವುದು ಅವರ ಕೈಯಲ್ಲಿ.

ಕುರಿ ಸತ್ತರೆ ಸರ್ಕಾರ ಅನುಗ್ರಹ ಯೋಜನೆಯಲ್ಲಿ ಪರಿಹಾರ ಕೊಡುತ್ತದೆ. ಅದು ಬೇಕು, ಎಷ್ಟೋ ಮನೆಗಳನ್ನು ಅದು ಹಿಡಿದು ನಿಲ್ಲಿಸಿದೆ. ಆದರೆ ಕುರಿ ಸಾಯುವ ಮೊದಲೇ ಸಾಕುವವರಿಗೆ ಕಲಿಸಲು ಒಂದು ದಿನದ ಕೂಲಿ ಕೊಡುವುದು ಅದಕ್ಕಿಂತ ದುಬಾರಿಯಲ್ಲ.

ಹೊಸ ಕಟ್ಟಡ, ಹೊಸ ಯೋಜನೆ ಏನೂ ಬೇಡ. ಮುಂಗಾರಿಗೆ ಮೊದಲು ಕರುಳುಬೇನೆಯ ಲಸಿಕೆ ಹಾಕಲು ಇಲಾಖೆಯವರು ಹೇಗೂ ಹಟ್ಟಿಗೆ ಬರುತ್ತಾರೆ. ಹಿರೇಬೇನೆ, ಅಂದರೆ ಪಿಪಿಆರ್, ಲಸಿಕೆಗೂ ಬರುತ್ತಾರೆ. 2030ರೊಳಗೆ ಆ ರೋಗವನ್ನು ಜಗತ್ತಿನಿಂದಲೇ ತೊಲಗಿಸುವ ಗುರಿ ಇರುವುದರಿಂದ ಇನ್ನೂ ಬರಲೇಬೇಕು. ಲಸಿಕೆ ಹಾಕುವ ದಿನ ಪ್ರತಿ ಕುರಿಯೂ ಯಾರದೋ ಕೈಗೆ ಸಿಕ್ಕೇ ಸಿಗುತ್ತದೆ. ಹಿಡಿದ ಕುರಿಯನ್ನು ಬಿಡುವ ಮುನ್ನ ಅದರ ಕಣ್ಣನ್ನು ಮನೆಯವರಿಂದಲೇ ನೋಡಿಸಿ, ಬಿಳಿಚಿದ್ದಕ್ಕೆ ಗುರುತು ಹಾಕಿಸಿ, ತೂಕ ಹಾಕಿ ಔಷಧಿ ಕುಡಿಸುವುದನ್ನು ಅಲ್ಲೇ ಮಾಡಿಸಿ. ಜಾನುವಾರು ಆರೈಕೆಗೆ ತರಬೇತಿ ಪಡೆದ ಊರಿನ ಪಶುಸಖಿಯೂ ಜೊತೆಗಿರಲಿ, ಮುಂದಿನ ತಿಂಗಳು ಆಕೆಯೇ ಮತ್ತೊಂದು ಸುತ್ತು ನೋಡುತ್ತಾಳೆ. ಇದಕ್ಕಾಗಿ ಲಸಿಕೆಯ ದಿನಕ್ಕೆ ಇನ್ನೊಬ್ಬ ಸಿಬ್ಬಂದಿ, ಒಂದು ತೂಗುತಕ್ಕಡಿ, ಅರ್ಧ ದಿನದ ಹೆಚ್ಚಿನ ಸಮಯ ಕೊಡಿ.