ಕೊಡುವುದನ್ನು ನಿಲ್ಲಿಸಿದವರ ಪಟ್ಟಿ

ಮಗಳ ಬಾಣಂತನಕ್ಕೆಂದು ಅಮೆರಿಕದ ಟೆಕ್ಸಾಸಿಗೆ ಹೋಗಿ ಐದು ತಿಂಗಳು ಇದ್ದು ಬಂದೆ. ಅಲ್ಲಿ ಪಕ್ಕದ ಮನೆಯ ಹಿರಿಯರೊಬ್ಬರ ಪರಿಚಯವಾಯಿತು. ಅವರು ತಮ್ಮ ಚರ್ಚಿನ ಕಾಣಿಕೆಯ ಲೆಕ್ಕ ಬರೆಯುವವರು, ಸಂಬಳವಿಲ್ಲದ ಸೇವೆ. ನಾನು ಸಹಕಾರಿ ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತನಾದವನು, ಈಗ ನಮ್ಮೂರ ಮಠದ ದಾಸೋಹ ಸಮಿತಿಯಲ್ಲಿದ್ದೇನೆ. ಲೆಕ್ಕದವರಿಗೆ ಲೆಕ್ಕದವರು ಬೇಗ ಹೊಂದಿಕೊಳ್ಳುತ್ತಾರೆ. ಒಂದು ದಿನ ಅವರು ತಮ್ಮ ಕಂಪ್ಯೂಟರ್ ತೆರೆದು, ಹೆಸರುಗಳಿರುವ ಪುಟ ಬಿಟ್ಟು, ಉಳಿದದ್ದನ್ನೆಲ್ಲ ತೋರಿಸಿದರು. ಅಂದಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿರುವ ವಿಷಯವನ್ನು ಈ ಪತ್ರಿಕೆಯ ಶರಣ ಬಂಧುಗಳ ಮುಂದೆ ಇಡುತ್ತಿದ್ದೇನೆ. ಏಕೆಂದರೆ ಅಂಥದೇ ಸಾಫ್ಟ್‌ವೇರ್ ಈಗ ನಮ್ಮ ಮಠದ ಬಾಗಿಲಿಗೂ ಬಂದಿದೆ.

ಅವರ ಚರ್ಚಿನಲ್ಲಿ ಹಿಂದೆ ಪ್ರತಿ ಕುಟುಂಬಕ್ಕೆ ವರ್ಷಕ್ಕೊಂದು ಲಕೋಟೆಗಳ ಪೆಟ್ಟಿಗೆ ಕೊಡುತ್ತಿದ್ದರಂತೆ. ವಾರಕ್ಕೊಂದರಂತೆ 52 ಲಕೋಟೆ, ಪ್ರತಿಯೊಂದರ ಮೇಲೂ ಆ ಕುಟುಂಬದ ನಂಬರು. ಭಾನುವಾರ ತಟ್ಟೆ ಬಂದಾಗ ಲಕೋಟೆ ಹಾಕಿದರೆ, ಸೋಮವಾರ ಲೆಕ್ಕದವರು ನಂಬರು ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುವರು. ಈಗ ಹೆಚ್ಚಿನವರು ಫೋನಿನಲ್ಲೇ ಹಣ ಹಾಕುತ್ತಾರೆ. ಪ್ಲಾನಿಂಗ್ ಸೆಂಟರ್, ಬ್ರೀಜ್, ಪುಶ್‌ಪೇ ಎಂದು ಚರ್ಚುಗಳಿಗೆಂದೇ ಸಾಫ್ಟ್‌ವೇರ್‌ಗಳಿವೆ. ಪುಶ್‌ಪೇ 2011ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿದ್ದು. ಒಂದು ಮನೆಗೆ ಒಂದು ಪುಟ. ಯಾವ ದಿನ ಎಷ್ಟು ಕೊಟ್ಟರು, ಯಾವ ನಿಧಿಗೆ, ನಗದೋ ಚೆಕ್ಕೋ ಕಾರ್ಡೋ, ಎಲ್ಲವೂ ತಾನಾಗಿಯೇ ಕೂತಿರುತ್ತದೆ.

ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಆ ದೇಶದಲ್ಲಿ ಒಮ್ಮೆಗೆ 250 ಡಾಲರ್ ಅಥವಾ ಹೆಚ್ಚು ಕೊಟ್ಟವರು ತೆರಿಗೆ ವಿನಾಯಿತಿ ಬೇಕೆಂದರೆ ಚರ್ಚಿನಿಂದ ಲಿಖಿತ ರಸೀದಿ ಪಡೆಯಲೇಬೇಕು. ಹಾಗಾಗಿ ಜನವರಿ ಬಂತೆಂದರೆ ಮನೆಮನೆಗೂ ವರ್ಷದ ಕಾಣಿಕೆಯ ಪಟ್ಟಿ ಹೋಗುತ್ತದೆ. ನಮ್ಮಲ್ಲೂ 80ಜಿ ರಿಯಾಯಿತಿ ಕೊಡುವ ಟ್ರಸ್ಟುಗಳು 2021-22ರ ಆರ್ಥಿಕ ವರ್ಷದಿಂದ ದಾನಿಗಳ ಹೆಸರು, ಗುರುತಿನ ಸಂಖ್ಯೆ, ಮೊತ್ತವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸುತ್ತಿವೆ. ಅರ್ಧ ಹರಿದ ರಸೀದಿ ಪುಸ್ತಕ, ಕಾರ್ಬನ್ ಹತ್ತದ ಎರಡನೇ ಪ್ರತಿ, ಮೂರು ಮಂದಿಯ ಜೇಬಿನಲ್ಲಿ ಮೂರು ಲೆಕ್ಕ – ಇದಕ್ಕಿಂತ ಕಂಪ್ಯೂಟರ್ ನೂರು ಪಾಲು ಮೇಲು. ಕಾಯಕದ ಹಣಕ್ಕೆ ಪೈಸೆ ಪೈಸೆಯ ಲೆಕ್ಕ ಇರಬೇಕು.

ತಕರಾರು ಇರುವುದು ಮುಂದಿನ ಪುಟದಲ್ಲಿ. ಈ ಸಾಫ್ಟ್‌ವೇರ್ ಲೆಕ್ಕ ಇಟ್ಟು ಸುಮ್ಮನಾಗುವುದಿಲ್ಲ, ಜನರನ್ನು ವಿಂಗಡಿಸುತ್ತದೆ. ಮೊದಲ ಸಲ ಕೊಟ್ಟವರು, ಕಳೆದ ವರ್ಷಕ್ಕಿಂತ ಹೆಚ್ಚು ಕೊಟ್ಟವರು, ಕಡಿಮೆ ಮಾಡಿದವರು, ನಿಲ್ಲಿಸಿಯೇ ಬಿಟ್ಟವರು. ಕೊನೆಯವರಿಗೆ ಅಲ್ಲಿ ‘ಲ್ಯಾಪ್ಸ್ಡ್’ ಎನ್ನುತ್ತಾರೆ. ಕಂತು ಕಟ್ಟದಿದ್ದರೆ ಪಾಲಿಸಿ ಲ್ಯಾಪ್ಸ್ ಆಯಿತು ಎನ್ನುತ್ತೇವಲ್ಲ, ಅದೇ ಮಾತು. ಭಕ್ತನೂ ಲ್ಯಾಪ್ಸ್ ಆಗುತ್ತಾನೆ!

ನಾನು ನಕ್ಕೆ. ಆ ಹಿರಿಯರು ನಗಲಿಲ್ಲ. "ಈ ಪಟ್ಟಿಯನ್ನೇ ನಾನು ಎಲ್ಲಕ್ಕಿಂತ ಮೊದಲು ನೋಡುವುದು" ಎಂದರು. ಹಿಂದಿನ ವರ್ಷ ಒಬ್ಬ ಮೆಕ್ಯಾನಿಕ್ ಮೂರು ತಿಂಗಳಿಂದ ಏನೂ ಕೊಟ್ಟಿಲ್ಲವೆಂದು ಅದರಲ್ಲಿ ಕಂಡಿತಂತೆ. ಇವರು ಮೊತ್ತ ಹೇಳದೆ, ಕಾರಣವನ್ನೂ ಹೇಳದೆ, ಮನೆಭೇಟಿಗೆ ಹೋಗುವ ತಂಡಕ್ಕೆ ಹೆಸರೊಂದನ್ನೇ ಕೊಟ್ಟರು. ಹೋಗಿ ನೋಡಿದರೆ ಆತನ ಕೆಲಸ ಹೋಗಿತ್ತು, ಮುಖ ತೋರಿಸಲಾರದೆ ಚರ್ಚಿಗೆ ಬರುವುದನ್ನೂ ಬಿಟ್ಟಿದ್ದ. ಆ ಮನೆಗೆ ಎರಡು ತಿಂಗಳು ದಿನಸಿ ಹೋಯಿತು. ಅದೇ ಪಟ್ಟಿಯನ್ನು ಹಿಡಿದು, ಯಾಕೆ ನಿಲ್ಲಿಸಿದಿರಿ ಎಂದು ಹಣಕ್ಕೆ ಫೋನು ಮಾಡಿಸುವ ಚರ್ಚುಗಳೂ ಇವೆ ಎಂದು ಅವರೇ ಬೇಸರದಿಂದ ಹೇಳಿದರು.

ಯಾರು ಎಷ್ಟು ಕೊಡುತ್ತಾರೆಂದು ಪಾದ್ರಿಗೆ ತಿಳಿದಿರಬೇಕೆ ಎಂಬುದು ಅಲ್ಲಿ ಹಳೆಯ ಜಗಳ. ಹಣ ಬಳಸುವ ರೀತಿಯೂ ಮನುಷ್ಯನ ಧರ್ಮಜೀವನದ ಭಾಗ, ಗುರುವಿಗೆ ಅದು ಗೊತ್ತಿರಬೇಕು ಎನ್ನುವವರು ಕೆಲವರು. ಗೊತ್ತಾದ ಮೇಲೆ ಪಾದ್ರಿಯ ನಗೆಯೇ ಬದಲಾಗುತ್ತದೆ ಎನ್ನುವವರು ಕೆಲವರು. ಇವರು ಬೈಬಲಿನ ಯಾಕೋಬನ ಪತ್ರವನ್ನು ನೆನೆಯುತ್ತಾರೆ. ಚಿನ್ನದುಂಗುರದವನಿಗೆ ಒಳ್ಳೆಯ ಆಸನ ಕೊಟ್ಟು ಬಡವನನ್ನು ನೆಲಕ್ಕೆ ಕೂರಿಸುವುದನ್ನು ಅಲ್ಲಿ ಖಂಡಿಸಿದೆ. ಆದರೂ ಇಂಗ್ಲೆಂಡ್, ಅಮೆರಿಕದ ಎಷ್ಟೋ ಚರ್ಚುಗಳಲ್ಲಿ ಹತ್ತೊಂಬತ್ತನೇ ಶತಮಾನದಲ್ಲೂ ಬೆಂಚುಗಳನ್ನೇ ಬಾಡಿಗೆಗೆ ಕೊಡುತ್ತಿದ್ದರು. ಒಳ್ಳೆಯ ಜಾಗ ಹಣವಂತರ ಮನೆತನಕ್ಕೆ, ಹಿಂದಿನ ಸಾಲು ಬಡವರಿಗೆ. ಹೆಚ್ಚಿಗೆ ತಂದ ಅಕ್ಕಿಯನ್ನು ವಾಪಸು ಕಳಿಸಿದ ಆಯ್ದಕ್ಕಿ ಲಕ್ಕಮ್ಮನನ್ನು ಕೊಂಡಾಡುವ ನಾವು ಇದಕ್ಕೆ ನಗುವಂತಿಲ್ಲ. ನಮ್ಮ ಜಾತ್ರೆಯ ವೇದಿಕೆಯ ಮುಂದೆ ಸೋಫಾ ಯಾರಿಗೆ, ಜಮಖಾನೆ ಯಾರಿಗೆ ಎಂದು ನೋಡಿದರೆ ಸಾಕು. ನಮ್ಮಲ್ಲಿ ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು ತಿರುಗುತ್ತಿರುತ್ತದೆ.

ಆದರೆ ಲೆಕ್ಕದಿಂದಲೇ ಕರುಣೆ ಹುಟ್ಟಿದ ಉದಾಹರಣೆಯೂ ಅವರ ಚರಿತ್ರೆಯಲ್ಲಿದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ವೆಸ್ಲಿಯ ಅನುಯಾಯಿಗಳು ಪ್ರಾರ್ಥನಾ ಮಂದಿರದ ಸಾಲ ತೀರಿಸುವುದು ಹೇಗೆಂದು ಸೇರಿದ್ದರು. ಕ್ಯಾಪ್ಟನ್ ಫಾಯ್ ಎಂಬಾತ, ಎಲ್ಲರೂ ವಾರಕ್ಕೊಂದು ಪೆನ್ನಿ ಕೊಡೋಣ ಎಂದ. ಬಡವರಿಗೆ ಅದೂ ಕಷ್ಟ ಎಂಬ ಮಾತು ಬಂತು. ಹಾಗಾದರೆ ಹನ್ನೊಂದು ಮಂದಿ ಕಡುಬಡವರನ್ನು ನನಗೆ ವಹಿಸಿ, ವಾರವಾರ ಅವರ ಮನೆಗೆ ಹೋಗುತ್ತೇನೆ, ಕೊಟ್ಟರೆ ಸರಿ, ಕೊಡಲಾಗದಿದ್ದರೆ ಅವರ ಪಾಲೂ ನನ್ನದೇ ಎಂದ. ಉಳಿದವರೂ ಹಾಗೆಯೇ ಹಂಚಿಕೊಂಡರು. ಪೆನ್ನಿಗೆಂದು ಮನೆಮನೆಗೆ ಹೋದವರಿಗೆ ಆ ಮನೆಗಳ ಜಗಳ, ಕುಡಿತ, ಕಷ್ಟ ಕಣ್ಣಿಗೆ ಬಿದ್ದವು. ಮೆಥಡಿಸ್ಟರ ‘ಕ್ಲಾಸ್’ ಎಂಬ ಸಣ್ಣ ಸಣ್ಣ ಕೂಟಗಳು ಬೆಳೆದದ್ದು ಅಲ್ಲಿಂದಲೇ. ಫಾಯ್ ಕೈಯಲ್ಲೂ ಇದ್ದದ್ದು ಕೊಟ್ಟವರ, ಕೊಡದವರ ಪಟ್ಟಿಯೇ. ಆದರೆ ಕೊಡದವನ ಪಾಲನ್ನು ತಾನು ತುಂಬಲು ಒಪ್ಪಿದವನ ಕೈಯಲ್ಲಿತ್ತು ಅದು.

ಇಷ್ಟು ಒತ್ತಿ ಹೇಳಲು ನನ್ನದೇ ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನನ್ನ ಮನೆಯವರಿಗೆ ಡಯಾಲಿಸಿಸ್ ಶುರುವಾಯಿತು. ಎರಡು ವರ್ಷ ನಾನು ದಾಸೋಹಕ್ಕೆ ವಾರ್ಷಿಕ ಕಾಣಿಕೆ ಕೊಡಲಿಲ್ಲ. ಯಾರಿಗೂ ಹೇಳಿಯೂ ಇರಲಿಲ್ಲ. ಜಾತ್ರೆಯ ದಿನ ರಸೀದಿ ಪುಸ್ತಕ ಹಿಡಿದವರೊಬ್ಬರು ನಾಲ್ಕು ಜನರ ಮುಂದೆ, "ಏನ್ರೀ, ಎರಡು ವರ್ಷದಿಂದ ನಿಮ್ಮ ಹೆಸರೇ ಕಾಣವಲ್ಲದು?" ಎಂದರು. ಪ್ರಸಾದಕ್ಕೂ ಕೂರದೆ ಮನೆಗೆ ಬಂದೆ. ಆಕೆ ಲಿಂಗೈಕ್ಯಳಾಗುವವರೆಗೂ ಆ ಕಡೆ ಹೋಗಲಿಲ್ಲ. ಅವರ ಬಳಿ ಯಾವ ಸಾಫ್ಟ್‌ವೇರೂ ಇರಲಿಲ್ಲ, ನೆನಪಿನ ಶಕ್ತಿ ಇತ್ತು ಅಷ್ಟೇ. ಅದೇ ಮನುಷ್ಯ ನಮ್ಮ ಓಣಿಗೆ ಬಂದು "ಮನೇಲಿ ಹೆಂಗದಾರ್ರೀ?" ಎಂದಿದ್ದರೆ?

ಈಗ ನಮ್ಮ ಸಮಿತಿಯ ಮುಂದೆ ಬಂದಿರುವ ಸಾಫ್ಟ್‌ವೇರಿನಲ್ಲಿ ‘ಟಾಪ್ ನೂರು ದಾನಿಗಳು’ ಎಂಬ ಪುಟವಿದೆ, ‘ನಿಷ್ಕ್ರಿಯ ದಾನಿಗಳು’ ಎಂಬ ಪುಟವೂ ಇದೆ. ನಿಷ್ಕ್ರಿಯರಿಗೆ ತಾನಾಗಿಯೇ ವಾಟ್ಸಾಪ್ ಸಂದೇಶ ಹೋಗುತ್ತದಂತೆ, ಪೂಜ್ಯರ ಭಾವಚಿತ್ರ ಸಮೇತ. ಡಯಾಲಿಸಿಸ್ ವಾರ್ಡಿನ ಹೊರಗೆ ಕೂತಾಗ ನನ್ನ ಫೋನಿಗೆ ಅಂಥದೊಂದು ಬಂದಿದ್ದರೆ ಹೇಗಿರುತ್ತಿತ್ತು ಎಂದು ಸಮಿತಿಯಲ್ಲಿ ಕೇಳಿದೆ. ಒಂದಿಬ್ಬರು ತಲೆ ತಗ್ಗಿಸಿದರು. ಒಬ್ಬರು, "ಹಂಗ ನೋಡಿದರ ಮಠ ನಡೆಯೋದು ಹೆಂಗ್ರೀ?" ಎಂದರು. ಆ ಪ್ರಶ್ನೆಯೂ ಸುಳ್ಳಲ್ಲ. ಪ್ರಸಾದ ನಿಲಯದಲ್ಲಿ ದಿನಾ ಒಲೆ ಉರಿಯಬೇಕು.

ನನ್ನ ಅಭಿಪ್ರಾಯ ಇಷ್ಟು. ರಸೀದಿ, ಜಮಾಖರ್ಚು ಕಂಪ್ಯೂಟರಿನಲ್ಲೇ ಆಗಲಿ, ಒಟ್ಟು ಲೆಕ್ಕ ಗೋಡೆಗೆ ಅಂಟಿಸಲಿ. ಟಾಪ್ ನೂರರ ಪುಟ ಬೇಡವೇ ಬೇಡ. ಒಬ್ಬೊಬ್ಬರ ಮೊತ್ತ ಪೂಜ್ಯರ ಕಣ್ಣಿಗೂ ಬೀಳದಿರಲಿ. ಇದು ಅವರ ಮೇಲಿನ ಅನುಮಾನವಲ್ಲ, ಅವರಿಗೊಂದು ರಕ್ಷಣೆ. ನಿಲ್ಲಿಸಿದವರ ಪಟ್ಟಿ ಇರಲಿ, ಆದರೆ ಅದು ರಸೀದಿ ಪುಸ್ತಕ ಹಿಡಿಯದ ಇಬ್ಬರ ಕೈಗೆ, ಅವರಲ್ಲಿ ಒಬ್ಬರು ತಾಯಂದಿರು, ಬರೀ ಹೆಸರಾಗಿ ಹೋಗಲಿ. ಅವರು ಆ ಮನೆಗೆ ಹೋದ ದಿನ ಕಾಣಿಕೆಯ ಮಾತೇ ಎತ್ತಬಾರದು. ಪಾಸ್‌ವರ್ಡ್ ಯಾರ ಬಳಿ ಇದೆಯೆಂದು ಬರೆದಿಡಬೇಕು. ದಾನಿಗಳ ದಾಖಲೆ ಇಡುವ ಬ್ಲ್ಯಾಕ್‌ಬಾಡ್ ಎಂಬ ಅಮೆರಿಕದ ದೊಡ್ಡ ಕಂಪನಿಗೇ 2020ರಲ್ಲಿ ಕಳ್ಳರು ನುಗ್ಗಿದರು. ಸಾವಿರಾರು ಸಂಸ್ಥೆಗಳ ದಾನಿಗಳ ವಿವರ ಹೋಯಿತು. 2023ರಲ್ಲಿ ಆ ಕಂಪನಿ ಅಲ್ಲಿನ ರಾಜ್ಯಗಳಿಗೆ 4.95 ಕೋಟಿ ಡಾಲರ್ ಕೊಡಲು ಒಪ್ಪಬೇಕಾಯಿತು. ನಮ್ಮ ಮಠದ ಕಂಪ್ಯೂಟರ್ ಇರುವುದು ಆಫೀಸಿನ ಕಿಟಕಿ ಪಕ್ಕ, ಪಾಸ್‌ವರ್ಡ್ ಚೀಟಿ ಅದರ ಪರದೆಗೇ ಅಂಟಿದೆ.

ಸಾಫ್ಟ್‌ವೇರ್ ತೋರಿಸಲು ಬಂದ ಹುಡುಗನನ್ನು ಹೊರಗೆ ಚಹಾ ಕುಡಿಯುವಾಗ ಕೇಳಿದೆ, "ತಮ್ಮಾ, ಆ ನಿಷ್ಕ್ರಿಯರ ಪುಟದಾಗ ರೊಕ್ಕದ ಕಾಲಂ ತೆಗೆದು ಬರೀ ಹೆಸರು, ಓಣಿ ಬರೂ ಹಂಗ ಮಾಡಾಕ ಆಗತೈತೇನು?" ಆತ ಸ್ವಲ್ಪ ಹೊತ್ತು ಯೋಚಿಸಿದ. "ಆಗತೈತ್ರೀ ಅಜ್ಜಾರ" ಎಂದ. "ಆದರ ಇಲ್ಲೀತನಕ ಯಾರೂ ಕೇಳಿಲ್ರೀ."