ಹವಾಮಾನ ಕೆಟ್ಟರೂ ಹೊಣೆ ತಪ್ಪದು

ದಟ್ಟ ಮಂಜಿನಲ್ಲಿ ವಿಮಾನ ಹಾರಿಸಿ ಎಂದು ಯಾವ ಪ್ರಯಾಣಿಕನೂ ಕೇಳುವುದಿಲ್ಲ. ರನ್‌ವೇ ಕಾಣದಿದ್ದರೆ ಇಳಿಯಬಾರದು, ಗುಡುಗು ಮೋಡ ಕವಿದಿದ್ದರೆ ಏರಬಾರದು. ಆ ತೀರ್ಮಾನ ಪೈಲಟ್‌ನದು. ಅಲ್ಲಿ ಟಿಕೆಟ್ ಕೊಂಡವರ ಆತುರಕ್ಕೆ ಜಾಗವಿಲ್ಲ, ಇರಲೂ ಬಾರದು. ತಕರಾರು ಹುಟ್ಟುವುದು ಆಮೇಲೆ. ವಿಮಾನ ರದ್ದಾಗಿದೆ ಎಂದು ಪರದೆಯ ಮೇಲೆ ಬಂದ ನಂತರ ಕೈಗೂಸು ಹೊತ್ತ ತಾಯಿ, ಸಕ್ಕರೆ ಕಾಯಿಲೆಯ ವೃದ್ಧರು, ಮರುದಿನ ಪರೀಕ್ಷೆ ಬರೆಯಬೇಕಾದ ಹುಡುಗ ಇವರೆಲ್ಲರ ಊಟ, ಮಲಗುವ ಜಾಗ, ಮುಂದಿನ ಪ್ರಯಾಣ ಯಾರ ಜವಾಬ್ದಾರಿ? ‘ಹವಾಮಾನ ನಮ್ಮ ಕೈಯಲ್ಲಿಲ್ಲ’ ಎಂಬ ಉತ್ತರ ಹಾರಾಟ ನಿಂತದ್ದಕ್ಕೆ ಸಾಕು. ಆ ಬಳಿಕ ನಡೆಯುವ ಅವ್ಯವಸ್ಥೆಗೂ ಅದನ್ನೇ ಉತ್ತರವೆಂದು ಒಪ್ಪಿಕೊಳ್ಳುವುದು ಸರಿಯಲ್ಲ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) 2010ರಲ್ಲಿ ಹೊರಡಿಸಿ, ಮುಂದೆ ಹಲವು ಸಲ ತಿದ್ದಿದ ನಿಯಮ ನಮ್ಮಲ್ಲಿದೆ. ಸಂಸ್ಥೆಯ ತಪ್ಪಿನಿಂದ, ಮುಂಚಿತವಾಗಿ ತಿಳಿಸದೆ ವಿಮಾನ ರದ್ದಾದರೆ ಹಾರಾಟದ ಅವಧಿಗೆ ತಕ್ಕಂತೆ 5,000ದಿಂದ 10,000 ರೂಪಾಯಿವರೆಗೆ ಪರಿಹಾರ ಸಿಗಬಹುದು. ಹವಾಮಾನ ಕಾರಣವಾದರೆ ಈ ಪರಿಹಾರವಿಲ್ಲ. ಅದು ನ್ಯಾಯವೇ. ಆದರೆ ಪರಿಹಾರ ಇಲ್ಲವೆಂದರೆ ಹಕ್ಕೇ ಇಲ್ಲ ಎಂದಲ್ಲ. ಬೇರೆ ವಿಮಾನ ಅಥವಾ ಟಿಕೆಟ್ ಹಣ ವಾಪಸ್ ಪಡೆಯುವ ಆಯ್ಕೆ ಆಗಲೂ ಪ್ರಯಾಣಿಕರದೇ. ನಿಲ್ದಾಣಕ್ಕೆ ಬಂದು ಬದಲಿ ವಿಮಾನಕ್ಕೆ ಕಾಯುವವರಿಗೆ ಊಟ ತಿಂಡಿ ಕೊಡಬೇಕು. ಕೌಂಟರ್‌ನಲ್ಲಿ ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ‘ವೆದರ್ ಸಾರ್’ ಎಂಬ ಒಂದೇ ಮಾತಿನಲ್ಲಿ ಪರಿಹಾರವೂ ಹೋಗುತ್ತದೆ, ಅದರ ಜೊತೆಗೆ ಉಳಿದ ಹಕ್ಕುಗಳೂ ಹೋಗುತ್ತವೆ.

ಸುಪ್ರೀಂ ಕೋರ್ಟ್ ಈ ಗೆರೆಯನ್ನು 2011ರಲ್ಲೇ ಎಳೆದಿದೆ. 2007ರ ಡಿಸೆಂಬರ್‌ನಲ್ಲಿ ದೆಹಲಿಯ ಮಂಜಿನಿಂದಾಗಿ ಇಂಡಿಗೋದ ಹೈದರಾಬಾದ್ ವಿಮಾನದೊಳಗೆ ಸುಮಾರು 11 ಗಂಟೆ ಕುಳಿತಿದ್ದ ಪ್ರಯಾಣಿಕರೊಬ್ಬರ ಪ್ರಕರಣವದು. ಹಿಂದೆ ಕರ್ನಾಟಕ ಹೈಕೋರ್ಟ್‌ನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಬರೆದ ತೀರ್ಪು ಮಂಜಿನ ವಿಳಂಬಕ್ಕೆ ಸಂಸ್ಥೆಯನ್ನು ಹೊಣೆ ಮಾಡಲಿಲ್ಲ. ಅಂದು ಕನಿಷ್ಠ ಸೌಲಭ್ಯ ಸಿಕ್ಕಿತ್ತೆಂದು ಕಂಡುಕೊಂಡು, ಕಾಯಂ ಲೋಕ ಅದಾಲತ್ ಕೊಡಿಸಿದ್ದ ಪರಿಹಾರವನ್ನೂ ರದ್ದುಪಡಿಸಿತು. ಅಷ್ಟಕ್ಕೇ ನಿಲ್ಲದೆ, ಅಂಥ ವಿಳಂಬದಲ್ಲಿ ಕನಿಷ್ಠ ಸೌಲಭ್ಯ ಕೊಡದಿದ್ದರೆ ಅದು ಸೇವಾ ಲೋಪ, ಅಗ್ಗದ ದರದ ಸಂಸ್ಥೆ ಎಂಬುದು ಅದಕ್ಕೆ ನೆಪವಾಗದು ಎಂದೂ ಹೇಳಿತು. ಪ್ರಯಾಣಿಕರು ಸೋತ ಮೊಕದ್ದಮೆಯೊಂದು ಎಲ್ಲ ಪ್ರಯಾಣಿಕರಿಗೂ ಒಂದು ಹಕ್ಕನ್ನು ಗಟ್ಟಿ ಮಾಡಿಕೊಟ್ಟಿತು.

ಇನ್ನು, ಹವಾಮಾನ ಎಂದು ಹೇಳಿದ್ದೆಲ್ಲ ಬರೀ ಹವಾಮಾನವೇ ಎಂಬುದನ್ನೂ ನೋಡಬೇಕು. ದೆಹಲಿಯಲ್ಲಿ ಡಿಸೆಂಬರ್, ಜನವರಿಯಲ್ಲಿ ಮಂಜು ಬೀಳುವುದು ಹೊಸ ಸುದ್ದಿಯಲ್ಲ. 50 ಮೀಟರ್ ಗೋಚರತೆಯಲ್ಲೂ ಇಳಿಯಲು ನೆರವಾಗುವ ಕ್ಯಾಟ್-3 ವ್ಯವಸ್ಥೆ ಅಲ್ಲಿದೆ. ಆದರೆ ಅದನ್ನು ಬಳಸಲು ಅದಕ್ಕೆಂದೇ ತರಬೇತಾದ ಪೈಲಟ್ ಬೇಕು. 2023ರ ಡಿಸೆಂಬರ್‌ನ ಮಂಜಿನ ದಿನಗಳಿಗೆ ಅಂಥ ಪೈಲಟ್‌ಗಳನ್ನು ನಿಯೋಜಿಸಲಿಲ್ಲವೆಂದು ಡಿಜಿಸಿಎ ಏರ್ ಇಂಡಿಯಾ ಮತ್ತು ಸ್ಪೈಸ್‌ಜೆಟ್‌ಗೆ ತಲಾ 30 ಲಕ್ಷ ರೂಪಾಯಿ ದಂಡ ಹಾಕಿತು. ಮಂಜು ಪ್ರಕೃತಿಯದು, ಡ್ಯೂಟಿ ಪಟ್ಟಿ ಸಂಸ್ಥೆಯದು. 2022ರ ಕ್ರಿಸ್‌ಮಸ್ ಹೊತ್ತಿನ ಹಿಮಬಿರುಗಾಳಿ ಅಮೆರಿಕದ ಎಲ್ಲ ಸಂಸ್ಥೆಗಳಿಗೂ ಬಡಿದಿತ್ತು. ಉಳಿದವು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರೆ, ಸಿಬ್ಬಂದಿ ನಿಯೋಜನೆಯ ವ್ಯವಸ್ಥೆ ಕುಸಿದ ಸೌತ್‌ವೆಸ್ಟ್ ಸುಮಾರು 16,900 ಹಾರಾಟಗಳನ್ನು ರದ್ದು ಮಾಡಿತು. 20 ಲಕ್ಷಕ್ಕೂ ಹೆಚ್ಚು ಜನ ಸಿಕ್ಕಿಬಿದ್ದರು, ಮರುವರ್ಷ ಅಲ್ಲಿನ ಸರ್ಕಾರ 14 ಕೋಟಿ ಡಾಲರ್ ದಂಡ ವಿಧಿಸಿತು. ನಮ್ಮಲ್ಲೇ 2025ರ ಡಿಸೆಂಬರ್‌ನಲ್ಲಿ ಇಂಡಿಗೋ ಹಾರಾಟಗಳು ಸಾಲುಸಾಲಾಗಿ ರದ್ದಾದಾಗ ಸಂಸ್ಥೆ ಮೊದಲು ಕೊಟ್ಟ ಕಾರಣಗಳಲ್ಲಿ ಪೈಲಟ್‌ಗಳ ಕರ್ತವ್ಯ ಅವಧಿಯ ಹೊಸ ನಿಯಮದ ಜೊತೆಗೆ ಪ್ರತಿಕೂಲ ಹವಾಮಾನವೂ ಇತ್ತು. ಹೀಗೆ ಕಾರಣಗಳು ಕಲೆಸಿಹೋದಾಗ ಯಾವುದರ ಪಾಲು ಎಷ್ಟು ಎಂದು ನಿಲ್ದಾಣದ ನೆಲದ ಮೇಲೆ ಕುಳಿತವರು ಸಾಬೀತು ಮಾಡುವುದು ಹೇಗೆ? ಮಾಹಿತಿಯೆಲ್ಲ ಸಂಸ್ಥೆಯ ಬಳಿಯೇ ಇದೆ. ಸಾಬೀತು ಮಾಡುವ ಭಾರವೂ ಅದರದೇ ಆಗಬೇಕು.

ಟಿಕೆಟ್ ಹಣ ವಾಪಸ್ ಬಂದರೆ ನ್ಯಾಯ ಸಿಕ್ಕಿತು ಎಂಬ ಭಾವನೆಯೂ ಪೊಳ್ಳು. ತಿಂಗಳ ಮೊದಲೇ ಕೊಂಡ ಟಿಕೆಟ್‌ನ ಹಣ ಹಿಡಿದು ಅದೇ ದಿನ ಬೇರೆ ಸಂಸ್ಥೆಯ ಸೀಟು ಕೇಳಿದರೆ ದರ ಎಷ್ಟೋ ಪಟ್ಟು ಏರಿರುತ್ತದೆ. ಇಂಡಿಗೋ ಹಾರಾಟಗಳು ರದ್ದಾದ ಆ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ದೂರಕ್ಕೆ ತಕ್ಕಂತೆ 7,500ದಿಂದ 18,000 ರೂಪಾಯಿವರೆಗೆ ಗರಿಷ್ಠ ದರ ಗೊತ್ತುಮಾಡಬೇಕಾಗಿ ಬಂದದ್ದು ಇದರಿಂದಲೇ. ತನ್ನ ಮುಂದಿನ ವಿಮಾನಗಳಲ್ಲಿ ಎರಡು ದಿನ ಜಾಗವಿಲ್ಲದಿದ್ದರೆ ಬೇರೆ ಸಂಸ್ಥೆಯಲ್ಲಿ ಸೀಟು ಕೊಡಿಸುವ ಕರ್ತವ್ಯವೂ ಸಂಸ್ಥೆಗೆ ಇರಬೇಕು. ಮಳೆಗಾಲದಲ್ಲಿ ಬಜ್ಪೆ ನಿಲ್ದಾಣದಲ್ಲಿ ಇಳಿಯಲಾಗದೆ ಬೆಂಗಳೂರಿಗೆ ತಿರುಗುವ ವಿಮಾನಗಳ ಪ್ರಯಾಣಿಕರಿಗೆ ಘಟ್ಟ ಇಳಿಸುವ ಬಸ್ಸೂ ಇದರ ಭಾಗವೇ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕವುಳ್ಳದ್ದು ಸುರಕ್ಷತೆಯದು: ಸಂಸ್ಥೆಯ ಮೇಲೆ ಹಣದ ಹೊರೆ ಬಿದ್ದರೆ ಕೆಟ್ಟ ಹವೆಯಲ್ಲೂ ಹಾರುವಂತೆ ಪೈಲಟ್ ಮೇಲೆ ಒತ್ತಡ ಬೀಳುತ್ತದೆ ಎಂಬುದು. ಈ ಭಯವನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಹವಾಮಾನಕ್ಕೆ ದಂಡರೂಪದ ಪರಿಹಾರ ಬೇಡ ಎನ್ನುವುದು ಆ ಕಾರಣಕ್ಕೇ. ಆದರೆ ಊಟ, ವಸತಿಯ ವೆಚ್ಚ ರದ್ದತಿಯಿಂದ ಆಗುವ ಒಟ್ಟು ನಷ್ಟದಲ್ಲಿ ಸಣ್ಣ ಪಾಲು. ವಿಮಾನ ಹಾರದಿದ್ದಾಗ ಕಳೆದುಕೊಳ್ಳುವ ಆದಾಯವೇ ಪೈಲಟ್‌ನ ವಿವೇಕವನ್ನು ಕದಲಿಸದಿದ್ದರೆ ಒಂದು ರಾತ್ರಿಯ ಕೋಣೆ ಬಾಡಿಗೆ ಕದಲಿಸುತ್ತದೆಯೇ? ಯುರೋಪಿನ ಅನುಭವವೂ ಇದೆ. 2010ರಲ್ಲಿ ಐಸ್‌ಲ್ಯಾಂಡ್ ಜ್ವಾಲಾಮುಖಿಯ ಬೂದಿಯಿಂದ ಸುಮಾರು ಒಂದು ವಾರ ಪೋರ್ಚುಗಲ್‌ನಲ್ಲಿ ಸಿಲುಕಿದ ಪ್ರಯಾಣಿಕರೊಬ್ಬರು ಸುಮಾರು 1,130 ಯೂರೋ ಖರ್ಚು ಕೇಳಿದಾಗ, ಪರಿಹಾರ ಸಿಗದಿದ್ದರೂ ಆರೈಕೆಯ ಹೊಣೆಗೆ ವಿನಾಯಿತಿಯಿಲ್ಲ, ನ್ಯಾಯವಾದ ಖರ್ಚು ಕೊಡಲೇಬೇಕು ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2013ರಲ್ಲಿ ವಿಮಾನ ಸಂಸ್ಥೆ ರ‍್ಯಾನ್‌ಏರ್‌ಗೆ ಸಂಬಂಧಿಸಿದ ಪ್ರಕರಣದಲ್ಲಿ ತೀರ್ಮಾನಿಸಿತು. ಅಲ್ಲಿ ಅಗ್ಗದ ವಿಮಾನಯಾನ ನಿಂತುಹೋಗಲಿಲ್ಲ.

ಟಿಕೆಟ್ ದರ ಏರುತ್ತದೆ ಎನ್ನುವವರ ಮಾತಿನಲ್ಲೂ ಸ್ವಲ್ಪ ನಿಜವಿದೆ. ಏರಲಿ. ಎಲ್ಲ ಟಿಕೆಟ್‌ಗಳ ಮೇಲೆ ಹಂಚಿದರೆ ಒಬ್ಬೊಬ್ಬರ ಪಾಲಿಗೆ ಬರುವುದು ಅಲ್ಪ. ಹಂಚದಿದ್ದರೆ ಇಡೀ ಭಾರ ಆ ರಾತ್ರಿ ಸಿಕ್ಕಿಬಿದ್ದವರ ಮೇಲೆ, ಅದರಲ್ಲೂ ಹೋಟೆಲ್ ಬಾಡಿಗೆ ಕೊಡಲಾಗದವರ ಮೇಲೆ ಬೀಳುತ್ತದೆ. ಪ್ರಯಾಣ ವಿಮೆ ಮಾಡಿಸಿಕೊಳ್ಳಲಿ ಎಂಬ ಸಲಹೆ ಹಸಿದ ಮಗುವಿಗೆ ಆ ಕ್ಷಣ ಹಾಲು ಕೊಡಿಸುವುದಿಲ್ಲ. ವಿಮೆಯ ಹಣ ಬರುವುದು ಬಿಲ್ಲು ಸಲ್ಲಿಸಿದ ಮೇಲೆ.

ಸಂಸ್ಥೆಗಳ ಮೇಲೆ ಈ ಹೊಣೆ ಹೊರಿಸಲು ಸಂಸತ್ತಿನಲ್ಲಿ ಹೊಸ ಕಾನೂನು ಬೇಕಿಲ್ಲ, ಡಿಜಿಸಿಎ ತನ್ನ ನಿಯಮವನ್ನೇ ಇನ್ನೊಮ್ಮೆ ತಿದ್ದಿದರೆ ಸಾಕು. ಕಾರಣ ಏನೇ ಇರಲಿ, ಊಟ, ಔಷಧಿಗೆ ನೆರವು, ರಾತ್ರಿ ತಂಗಲು ಜಾಗ ಖಚಿತ ಎಂದು ಬರೆಯಲಿ. ರದ್ದತಿಯ ಕಾರಣವನ್ನು ಲಿಖಿತವಾಗಿ ಕೊಡುವುದು ಕಡ್ಡಾಯವಾಗಲಿ. ಹವಾಮಾನ ಎಂದರೆ ಆ ಹೊತ್ತಿನ ನಿಲ್ದಾಣದ ಹವಾಮಾನ ವರದಿಯೂ ಜೊತೆಗಿರಲಿ. ಆ ವರದಿಗಳು ದೊಡ್ಡ ನಿಲ್ದಾಣಗಳಲ್ಲಿ ಅರ್ಧ ಗಂಟೆಗೊಮ್ಮೆ ಹೇಗೂ ಸಿದ್ಧವಾಗುತ್ತವೆ, ಪ್ರಯಾಣಿಕರ ಮೊಬೈಲ್‌ಗೆ ಕಳಿಸಲು ಖರ್ಚೇನೂ ಇಲ್ಲ. ಗ್ರಾಹಕ ಆಯೋಗದ ಮೆಟ್ಟಿಲೇರುವವರ ಕೈಯಲ್ಲಿ ಆಗ ಒಂದು ದಾಖಲೆಯಾದರೂ ಇರುತ್ತದೆ.